ಗಾಲಿಯ ಒಳಮೈ

ಜೂನ್ 9, ದಾವಣಗೆರೆ

ಕಾರಹುಣ್ಣಿಮೆ ಹತ್ತಿರ ಬಂತು. ಅಂಗಡಿಯ ಹುಡುಗರಿಬ್ಬರೂ ಊರಿಗೆ ಹೋದರು. ನಾನೊಬ್ಬನೇ ಇರುವಾಗಲೇ ತಲೆನೋವಿನ ಗಾಡಿ ಬರಬೇಕು. ಹರಿಹರದ ಹುಡುಗ, ಹಳೆಯ ಹೋಂಡಾ ಸಿಟಿ. ಕಂಪನಿಯ 15 ಇಂಚಿನ ಗಾಲಿ ಬಿಚ್ಚಿಟ್ಟು, ಎಲ್ಲೋ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ 16 ಇಂಚಿನ ಕಪ್ಪು ಅಲಾಯ್ ಹಾಕಿಸಿದ್ದಾನೆ. ಟೈರು 205/50.

“ಅಣ್ಣಾರ, ಮುಂದಿನ ಎಡಗಾಲಿ ಒಳಗೆ ಏನೋ ಉಜ್ಜತೈತಿ. ಒಂದು ಸ್ಪೇಸರ್ ತುರುಕಿಬಿಡ್ರಿ. ನಾಳೆ ಮನೆಯೋರನ್ನೆಲ್ಲ ಕರ್ಕೊಂಡು ಧರ್ಮಸ್ಥಳಕ್ಕೆ ಹೊರಟೇವಿ.”

ರೋಗವನ್ನೂ ಔಷಧಿಯನ್ನೂ ಅವನೇ ಹೇಳಿಯಾಯಿತು. ನಾನು ಪಾನಾ ಹಿಡಿದರೆ ಸಾಕು.

ಸ್ಟೀರಿಂಗ್ ತಿರುಗಿಸಿದಾಗ ಸದ್ದು ಹೆಚ್ಚೋ ಕಡಿಮೆಯೋ ಎಂದು ಕೇಳಿದೆ. ಹೇಗೆ ತಿರುಗಿಸಿದರೂ ಅಷ್ಟೇ ಎಂದ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಫೆಂಡರ್‌ಗೋ ಒಳಗಿನ ಪ್ಲಾಸ್ಟಿಕ್ ಲೈನರ್‌ಗೋ ತಾಗುವುದಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಇಲ್ಲವೇ ಗುಂಡಿಗೆ ಇಳಿದಾಗ ಸದ್ದು ಬರುತ್ತದೆ. ಈ ಗಾಡಿಯ ಮುಂದಿನ ಶಾಕಪ್ ಮಾತ್ರ ಗಾಲಿ ಹೊತ್ತ ನಕಲ್‌ಗೇ ಬೋಲ್ಟ್ ಆಗಿದೆ. ಗಾಲಿ ತಿರುಗಿದರೆ ಅದೂ ತಿರುಗುತ್ತದೆ, ಗಾಲಿ ಎದ್ದರೆ ಅದರ ಕೆಳಭಾಗವೂ ಏಳುತ್ತದೆ. ಎರಡರ ನಡುವಿನ ಸಂದು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರುತ್ತದೆ. ತಾಗುತ್ತದೆ ಎಂದರೆ ಸದಾ ತಾಗುತ್ತದೆ.

ಗಾಲಿ ಬಿಚ್ಚಿದೆ. ಶಾಕಪ್ ಕೊಳವೆಯ ಮೇಲೆ ಹೆಬ್ಬೆರಳಗಲ ಬಣ್ಣ ಹೋಗಿ ಕಬ್ಬಿಣ ಮಿರಮಿರ ಮಿಂಚುತ್ತಿತ್ತು, ಸುತ್ತ ಕಾಡಿಗೆಯಂಥ ರಬ್ಬರ್ ಪುಡಿ. ಟೈರಿನ ಒಳಗೋಡೆಯಲ್ಲಿ ಸುತ್ತಲೂ ಗೀರು, ಒಂದು ಕಡೆ ನೂಲು ಕಾಣುವಷ್ಟು ಆಳ. ಹೊರಗಿನಿಂದ ನೋಡಿದರೆ ಹೊಸ ಟೈರೇ.

ಅವನ ಬೆರಳನ್ನು ಹಿಡಿದು ಆ ಗೀರಿನಲ್ಲಿ ಓಡಿಸಿದೆ. ಟೈರಿನ ಗೋಡೆಗೆ ಪ್ಯಾಚ್ ಇಲ್ಲ ತಮ್ಮಾ, ಇದನ್ನು ಎಸೆಯಬೇಕು ಎಂದೆ. ತುಂಬಿದ ಗಾಡಿಯಲ್ಲಿ ಚಾರ್ಮಾಡಿ ಇಳಿಯುವವನು ಅವನು. ಸುಮ್ಮನೆ ನಿಂತಿದ್ದ. ಆಮೇಲೆ ಫೋನ್ ತೆಗೆದು ಬಾಡಿಗೆ ಗಾಡಿಗೆ ಹೇಳಿದ. ಕಾರು ನನ್ನಲ್ಲೇ ಉಳಿಯಿತು.

ಜೂನ್ 10

ಬೆಳಿಗ್ಗೆ ಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದೆ. ಹೆಂಡತಿ ಯಾಕೆಂದು ಕೇಳುವುದನ್ನು ಬಿಟ್ಟು ವರ್ಷಗಳಾದವು. ಶಾಕಪ್‌ಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಹಿಟ್ಟು ಮೆತ್ತಿ, ಗಾಲಿ ಕಟ್ಟಿ ಕೈಯಿಂದ ತಿರುಗಿಸುವುದು. ಬಿಚ್ಚಿ, ಒತ್ತಿಹೋದ ಹಿಟ್ಟಿನ ದಪ್ಪ ಅಳೆಯುವುದು. ಸಂದು ಎಷ್ಟಿದೆ ಎಂದು ಲಕ್ಷಗಟ್ಟಲೆ ಕೊಟ್ಟು ತಂದ ನನ್ನ ಅಲೈನ್‌ಮೆಂಟ್ ಮೆಷೀನು ಹೇಳುವುದಿಲ್ಲ, ಅದಕ್ಕೆ ಕೋನ ಮಾತ್ರ ಗೊತ್ತು. ಬಲಗಡೆ 2 ಮಿ.ಮೀ. ಹಿಟ್ಟು ಉಳಿಯಿತು. ಎಡಗಡೆ ಪ್ಲಾಸ್ಟಿಕ್ಕೇ ಹರಿಯಿತು.

ಇನ್ನು ಲೆಕ್ಕ. ಹಳೆಯ ಗಾಲಿಯ ಮೇಲಿನ ಅಚ್ಚು: 5.5ಜೆ (ರಿಮ್ಮಿನ ಅಗಲ, ಇಂಚಿನಲ್ಲಿ), ಆಫ್‌ಸೆಟ್ 53. ಹೊಸದರ ಮೇಲೆ: 7ಜೆ, 45. ಹಬ್‌ಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಆಫ್‌ಸೆಟ್. ಗಾಲಿ ಹಬ್‌ಗೆ ಕೂರುವ ಮುಖದಿಂದ ರಿಮ್ಮಿನ ಒಳ ಅಂಚಿಗೆ ಎಷ್ಟು ದೂರ ಎಂದರೆ, ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿದಷ್ಟು. ಹಳೆಯದಕ್ಕೆ 70 ಕೂಡಿಸು 53, ಒಟ್ಟು 123 ಮಿ.ಮೀ. ಹೊಸದಕ್ಕೆ 89 ಕೂಡಿಸು 45, ಒಟ್ಟು 134. ಅಂದರೆ ರಿಮ್ಮು 11 ಮಿ.ಮೀ. ಒಳಗೆ ನುಗ್ಗಿದೆ. ಹೊರಗಡೆಗೆ ಕೂಡುವ ಬದಲು ಕಳೆಯಬೇಕು: 17 ಇದ್ದದ್ದು 44. ಹೊರಕ್ಕೂ 27 ಮಿ.ಮೀ. ಚಾಚಿದೆ. ಒಳಗೂ ಜಾಗ ಬೇಕು, ಹೊರಗೂ ಜಾಗ ಬೇಕು. ಹಬ್‌ಗೂ ಗಾಲಿಗೂ ನಡುವೆ ಕೂರುವ ಸ್ಪೇಸರ್ ಬಿಲ್ಲೆ ಒಳಗೆ ಕೊಟ್ಟಷ್ಟನ್ನೂ ಹೊರಗೆ ವಸೂಲಿ ಮಾಡುತ್ತದೆ.

ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಮೊದಲ ದಿನದಿಂದಲೇ ಉಜ್ಜಿದ್ದರೆ ಇಷ್ಟು ಕಾಲ ಟೈರು ಬಾಳುತ್ತಿರಲಿಲ್ಲ. ಧರ್ಮಸ್ಥಳದ ದಾರಿಯಲ್ಲಿದ್ದ ಹುಡುಗನಿಗೆ ಫೋನ್ ಮಾಡಿದೆ. ಮೊದಲು ಫೆಂಡರ್‌ಗೆ ತಾಗುತ್ತಿತ್ತಂತೆ. ಇನ್ನೊಂದು ಅಂಗಡಿಯವರು “ಸೆಟ್” ಮಾಡಿಕೊಟ್ಟರಂತೆ. ಗಾಡಿಯನ್ನು ಮೆಷೀನಿಗೆ ಹಾಕಿದೆ. ಸೊನ್ನೆಯ ಆಸುಪಾಸು ಇರಬೇಕಾದ ಕ್ಯಾಂಬರ್, ಅಂದರೆ ಗಾಲಿ ಒರಗಿದ ಕೋನ, ಎಡಕ್ಕೆ ಮೈನಸ್ ಎರಡು ಡಿಗ್ರಿ ದಾಟಿದೆ. ಶಾಕಪ್ ಮತ್ತು ನಕಲ್ ಸೇರುವಲ್ಲಿ ಮೇಲಿನ ಬೋಲ್ಟ್ ತೆಗೆದು ಸಣಕಲು ಬೋಲ್ಟ್ ಹಾಕಿದ್ದಾರೆ. ತೂತಿನಲ್ಲಿ ಆಟ ಸಿಕ್ಕಿತು, ಗಾಲಿಯ ತಲೆಯನ್ನು ಒಳಕ್ಕೆ ಒರಗಿಸಿದರು, ಫೆಂಡರ್ ಬಚಾವಾಯಿತು. ಒಂದು ಡಿಗ್ರಿ ಒರಗಿದರೆ ನೂರು ಮಿ.ಮೀ. ಎತ್ತರಕ್ಕೆ ಸುಮಾರು 1.75 ಮಿ.ಮೀ. ಸರಿಯುತ್ತದೆ. ಬೋಲ್ಟಿನಿಂದ ಟೈರಿನ ಮೇಲ್ಭಾಗಕ್ಕೆ ಒಂದು ಗೇಣು, ಕೋನ ಎರಡು ಡಿಗ್ರಿ. ಇದ್ದ ಸಂದೂ ಹೋಯಿತು.

ಕಸಬು ಗೊತ್ತಿದ್ದವರು ಮಾಡಿದ ಕೆಲಸ ಇದು. ಅದಕ್ಕೇ ಸಿಟ್ಟು ಜಾಸ್ತಿ.

ಜೂನ್ 11

ಮಧ್ಯಾಹ್ನಕ್ಕೇ ಬಾಗಿಲು ಹಾಕಿದೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡ ಎತ್ತಿನ ಜೋಡಿ ಬೀದಿಯಲ್ಲಿ ಹೋಯಿತು. ಹರಿಹರದ ಹುಡುಗನ ಕಪ್ಪು ಅಲಾಯ್ ನೆನಪಾಗಿ ನಗು ಬಂತು. ಸಿಂಗಾರದ ಆಸೆಯ ಮೇಲೆ ನನಗೇನೂ ತಕರಾರಿಲ್ಲ.

ಜೂನ್ 12

ಕಂಪನಿ ಅಳತೆಯ ಬೋಲ್ಟ್ ಹಾಕಿ ಕ್ಯಾಂಬರ್ ಸರಿ ಮಾಡಿದೆ. ಮತ್ತೆ ಹಿಟ್ಟು. ಎಡಕ್ಕೆ 4 ಮಿ.ಮೀ. ಕನಿಷ್ಠ 5 ಇಲ್ಲದೆ ನಾನು ಗಾಡಿ ಬಿಡುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿ ಸಣ್ಣ ಕಲ್ಲೊಂದು ಸಿಕ್ಕಿಕೊಂಡರೆ ಸಾಕು. ಜೊತೆಗೆ, ನಿರೀಕ್ಷೆಯಂತೆ, ಫೆಂಡರ್ ಮತ್ತೆ ತಾಗತೊಡಗಿತು.

ಸಂಜೆ ಹುಡುಗ ಪ್ರಸಾದದ ಪೊಟ್ಟಣದೊಂದಿಗೆ ಬಂದ. ಮತ್ತೆ ಅದೇ ರಾಗ: “3 ಎಂಎಂ ಸ್ಪೇಸರ್ ಸಾಕಲ್ರೀ, ಫೆಂಡರ್ ಅಂಚು ಮಡಚಿಬಿಡೋಣ.” ಸ್ಪೇಸರ್ ಅಂದರೆ ನನಗೆ ಮಡಿವಂತಿಕೆ ಏನಿಲ್ಲ. ಹಬ್‌ಗೆ ಬಿಗಿಯಾಗಿ ಕೂರುವಂಥದ್ದು, ಉದ್ದನೆಯ ಸ್ಟಡ್ ಹೊಡೆಸಿ ಹಾಕಿದರೆ ನಡೆಯುತ್ತದೆ. ಈ ಗಾಡಿಯ ಸ್ಟಡ್ 12 ಮಿ.ಮೀ. ದಪ್ಪ, ಮರೆಯ ಅಂತರ 1.5. ನಟ್ಟು ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಹಿಡಿಯಬೇಕು, ಅಂದರೆ ಎಂಟು ಸುತ್ತು. ನಟ್ಟು ಕೊಟ್ಟು ಅವನಿಂದಲೇ ಎಣಿಕೆ ಮಾಡಿಸಿದೆ. ಇರುವ ಸ್ಟಡ್ಡಿಗೆ ಸ್ಪೇಸರ್ ಸೇರಿದರೆ ಆರಕ್ಕೇ ನಿಲ್ಲುತ್ತದೆ. ಗಾಲಿಯ ಹಿಂದೆ ವಾಷರ್ ಜೋಡಿಸಿದ ಗಾಡಿಗಳನ್ನೂ ಕಂಡಿದ್ದೇನೆ, ಆ ಮಾತು ಎತ್ತಲಿಲ್ಲ, ಅವನಿಗೆ ಹೊಸ ಐಡಿಯಾ ಯಾಕೆ.

ಚೀಟಿಯಲ್ಲಿ ಬರೆದುಕೊಟ್ಟೆ: 15 ಇಂಚು, 6ಜೆ, ಆಫ್‌ಸೆಟ್ 45, ಟೈರು 185/60. ಒಳ ಅಂಚು 121 ಮಿ.ಮೀ., ಅಂದರೆ ಕಂಪನಿಯದಕ್ಕಿಂತ ಎರಡು ಕಡಿಮೆಯೇ. ಹೊರಕ್ಕೆ ಬರೀ 14 ಹೆಚ್ಚು. ಟೈರಿನ ಎತ್ತರ 603 ಮಿ.ಮೀ., ಕಂಪನಿಯ 175/65ಕ್ಕೆ 608, ಸ್ಪೀಡೋಮೀಟರಿಗೂ ಬೇಜಾರಿಲ್ಲ. “ಹದಿನೈದಾ?” ಎಂದು ಮುಖ ಸಣ್ಣದು ಮಾಡಿದ. ಚೀಟಿಯನ್ನಂತೂ ಜೇಬಿಗಿಟ್ಟುಕೊಂಡ.

ಜೂನ್ 16

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಫೋನ್. “ಅಣ್ಣಾರ, ಚೆಂದದ್ದು ಸಿಕ್ಕೈತಿ. ಸಿಟಿಗೆ ಆರಾಮ್ ಫಿಟ್ ಆಗತೈತಿ ಅಂತಾರೆ.” ನಾಲ್ಕು ತೂತು ಕೂತರೆ ಅಂಗಡಿಯವರಿಗೆ ಅದು ಫಿಟ್ಟೇ. ಮಗುಚಿಹಾಕಿ ಒಳಗಿನ ಅಚ್ಚು ಓದು ಎಂದೆ. 6ಜೆ, 38. ಹೊರಕ್ಕೆ 21 ಆಯಿತು, ಬೇಡ. ಮತ್ತೊಂದು ಫೋನ್, ಮತ್ತೊಂದು ಅಂಗಡಿ, ಹಿನ್ನೆಲೆಯಲ್ಲಿ ಹಾರ್ನುಗಳ ಗದ್ದಲ. ಕೊನೆಗೆ ಅವನೇ ಕೂಗಿದ: “ನಲವತ್ತೈದು ಸಿಕ್ತು! ಜೆ.ಡಬ್ಲ್ಯೂ.ಎಲ್. ಅಚ್ಚೂ ಐತಿ!” ಜಪಾನಿನ ಅಲಾಯ್ ಗಾಲಿಗಳ ಮಾನದಂಡದ ಗುರುತು ಅದು, ಅದನ್ನೂ ನೋಡು ಎಂದು ಚೀಟಿಯ ಮೂಲೆಯಲ್ಲಿ ಬರೆದಿದ್ದೆ.

ಜೂನ್ 18

ಗಾಲಿ ಬಂತು. ಮಧ್ಯದ ತೂತು ಕಪ್ಪು ಅಲಾಯ್‌ಗಳಂತೆಯೇ 73.1, ಹೋಂಡಾದ ಹಬ್ 56.1. ನಡುವೆ ರಿಂಗ್ ಇಲ್ಲದಿದ್ದರೆ ನಟ್ಟು ಬಿಗಿಯುವಾಗ ಗಾಲಿ ನಡುವಿನಿಂದ ಕೂದಲೆಳೆ ಸರಿದು ಕೂರುತ್ತದೆ, ಎಂಬತ್ತರ ವೇಗ ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ, ಜನ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಂಗ್ ತಿರುವಿಸಿ ತಂದೆ. ಮೊದಲ ರಿಂಗ್ ಸಡಿಲವಾಗಿತ್ತು, ವಾಪಸ್ ಕಳಿಸಿದೆ.

ನಟ್ಟುಗಳದ್ದು ಇನ್ನೊಂದು ಕಥೆ. ಹೋಂಡಾದ ನಟ್ಟಿನ ತಳ ಗೋಲಿಯಂತೆ ದುಂಡಗೆ. ಹೊರಗಿನ ಅಲಾಯ್‌ಗಳ ಕುಳಿ ಸಾಮಾನ್ಯವಾಗಿ ಶಂಕುವಿನಂತೆ ಓರೆ. ಇಷ್ಟು ದಿನ ಇವನು ಹಳೆಯ ನಟ್ಟಿನಲ್ಲೇ ಓಡಿಸಿದ್ದಾನೆ. ನೂಲಿನಂಥ ಗೆರೆಯಲ್ಲಿ ಮಾತ್ರ ಹಿಡಿತ. ಓರೆ ತಳದ ಹೊಸ ನಟ್ಟು ಹಾಕಿ, ಟಾರ್ಕ್ ಪಾನಾದಲ್ಲಿ 108 ನ್ಯೂಟನ್ ಮೀಟರ್‌ಗೆ ಬಿಗಿದೆ.

ಹಿಟ್ಟಿನ ಪರೀಕ್ಷೆ ಮಾಡಿದಾಗ ಎರಡೂ ಕಡೆ ಬೆರಳಷ್ಟು ಸಂದು. ಅಂಗಡಿಯ ಹುಡುಗರನ್ನೆಲ್ಲ ಕೂರಿಸಿಕೊಂಡು ಪಿ.ಬಿ. ರಸ್ತೆಯ ಹಂಪುಗಳ ಮೇಲೆ ಬೇಕೆಂತಲೇ ಹಾರಿಸಿದೆ, ಎಲ್ಲೂ ಸದ್ದಿಲ್ಲ. ನೂರು ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೆ ಬಿಗಿಸಲು ಬಾ ಎಂದಿದ್ದೇನೆ.

ಹಳೆಯ ಕಪ್ಪು ಅಲಾಯ್‌ಗಳನ್ನು ಮಾರಲು ಆಗಲೇ ಗಿರಾಕಿ ಹುಡುಕಿದ್ದಾನೆ. ಡಿಕ್ಕಿಗೆ ಹಾಕುವ ಮುಂಚೆ ನಾಲ್ಕರ ಒಳಮೈಗೂ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ ಬರೆದೆ: 7ಜೆ, 45, 73.1.

“ಏನ್ರೀ ಅಣ್ಣಾರ, ಹಿಂಗ್ ಬರದ್ರ ರೇಟು ಬೀಳತೈತಲ್ಲ!”

ಬೀಳಲಿ ಎಂದೆ.