ಬೀಸುಬಲೆಗೆ ಯಾವ ಸೀಸ?

ಮಳೆ ಹತ್ತಿರ ಬಂತು. ಅಟ್ಟದಲ್ಲಿದ್ದ ಬಲೆಗಳೆಲ್ಲ ಅಂಗಳಕ್ಕೆ ಇಳಿಯುವ ಸಮಯ. ಇಲಿ ಕಡಿದದ್ದನ್ನು ಹೊಲಿಯಬಹುದು, ಅಂಚಿನ ಸೀಸ ಉದುರಿ ಹೋಗಿದ್ದರೆ ಹೊಸದು ಎರೆಯಲೇಬೇಕು. ಹಾಗಾಗಿ ಈ ವಾರ ಫೋನ್ ಮಾಡಿದವರದ್ದೆಲ್ಲ ಒಂದೇ ಪ್ರಶ್ನೆ: "ಯಾವ ಸೀಸ ತಕ್ಕೊಳ್ಳುವುದು? ಹಳೆ ಇನ್ವರ್ಟರ್ ಬ್ಯಾಟರಿ ಉಂಟು, ಅದನ್ನೇ ಒಡೆದರೆ ಆಗ್ತದಾ?"

ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ.

ಮೊದಲು ಲೋಹದ ವಿಚಾರ. ಗುಜರಿಯಲ್ಲಿ ಸೀಸ ಅಂತ ಸಿಗುವುದೆಲ್ಲ ಒಂದೇ ಸೀಸ ಅಲ್ಲ. ಶುದ್ಧ ಸೀಸ ಮೆತ್ತಗಿರ್ತದೆ, ಉಗುರಿನಲ್ಲಿ ಗೀಚಿದರೆ ಗೆರೆ ಬೀಳ್ತದೆ. ಅದಕ್ಕೆ ಆಂಟಿಮನಿ ಸೇರಿದರೆ ಗಟ್ಟಿಯಾಗ್ತದೆ. ಹಿಂದಿನ ಪ್ರಿಂಟಿಂಗ್ ಪ್ರೆಸ್ಸಿನ ಅಚ್ಚುಮೊಳೆ ಇದೇ ಜಾತಿಯದ್ದು. ಲೈನೋಟೈಪ್ ಯಂತ್ರದ ಮಿಶ್ರಣದಲ್ಲಿ 100ಕ್ಕೆ ಸುಮಾರು 84 ಸೀಸ, 12 ಆಂಟಿಮನಿ, 4 ತವರ. ಅಕ್ಷರದ ಅಂಚು ಸವೆಯಬಾರದು ಅಂತ ಆ ಲೆಕ್ಕ. ಹೊರದೇಶದಲ್ಲಿ ಕೋವಿಯ ಗುಂಡು ತಾವೇ ಎರೆಯುವವರು ಕೂಡ ಇಂಥ ಗಟ್ಟಿ ಸೀಸವನ್ನು ಹುಡುಕ್ತಾರೆ, ವೇಗದಲ್ಲಿ ಹೋಗುವ ಗುಂಡು ನಳಿಗೆಯೊಳಗೆ ಸವೆದು ಅಂಟಿಕೊಳ್ಳಬಾರದಲ್ಲ.

ನಮ್ಮ ಬಲೆಗೆ ಬೇಕಾದದ್ದು ತದ್ವಿರುದ್ಧ. ಅಂಚಿನ ಹಗ್ಗಕ್ಕೆ ಸೀಸದ ತುಂಡನ್ನು ಸುತ್ತಿ, ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಕೂರಿಸ್ತೇವೆ. ಮೆತ್ತನೆಯ ಸೀಸ ಹಗ್ಗವನ್ನು ಅಪ್ಪಿಕೊಳ್ತದೆ. ಗಟ್ಟಿಯದ್ದು ಮಡಚುವಾಗಲೇ ಬಿರುಕು ಬಿಡ್ತದೆ, ಆ ಬಿರುಕಿನ ಅಂಚು ಹೊಳೆಯ ಕಲ್ಲಿಗೆ ಉಜ್ಜಿ ಉಜ್ಜಿ ನೈಲಾನನ್ನೇ ಕೊಯ್ಯುತ್ತದೆ. ಒಂದು ಮಳೆಗಾಲ ಮುಗಿಯುವ ಮೊದಲೇ ಅರ್ಧ ಸೀಸ ಹೊಳೆಯ ಪಾಲು.

ಹಾಗಾದರೆ ಎಲ್ಲಿಂದ ತರುವುದು? ಹಳೆ ಬಲೆಯ ಸೀಸಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಹರಿದ ಬಲೆಯನ್ನು ಸುಡುವ ಮೊದಲು ಅದನ್ನು ಬಿಡಿಸಿ ಇಟ್ಟುಕೊಳ್ಳಿ. ಹಳೆ ಸೀಸದ ಪೈಪೂ ಆಗ್ತದೆ. ವಾಹನದ ಚಕ್ರಕ್ಕೆ ಬ್ಯಾಲೆನ್ಸಿಂಗ್‌ಗೆ ಹಾಕುವ ತುಂಡುಗಳು ಬೇಡ. ಹಳೆಯವುಗಳಲ್ಲಿ ಆಂಟಿಮನಿ ಉಂಟು, ಈಗಿನವು ಎಷ್ಟೋ ಕಬ್ಬಿಣದ್ದು ಅಥವಾ ಸತುವಿನದ್ದು. ಸತು ಕರಗಲು ಸುಮಾರು 420 ಡಿಗ್ರಿ ಬೇಕು, ಸೀಸಕ್ಕೆ 327 ಸಾಕು. ಬೆಂಕಿ ಜಾಸ್ತಿಯಾಗಿ ಸತು ಸೇರಿಬಿಟ್ಟರೆ ಬಾಣಲೆಯಲ್ಲಿ ಗಂಜಿಯ ಹಾಗೆ ಆಗ್ತದೆ, ಎರೆಯಲಿಕ್ಕೇ ಬರುವುದಿಲ್ಲ.

ಗುಜರಿ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಉಗುರಿನಲ್ಲಿ ಗೀಚಿ. ಕಲ್ಲಿನ ಮೇಲೆ ಹಾಕಿ: ಮೆತ್ತನೆಯದ್ದು 'ದಪ್' ಅಂತದೆ, ಗಟ್ಟಿಯದ್ದು ಕಣ ಕಣ ಅಂತದೆ. ತೆಳು ತುಂಡಾದರೆ ಕೈಯಲ್ಲಿ ಮಡಚಿ ನೋಡಿ. ಮನೆಗೆ ಬಂದ ತಕ್ಷಣ ಸಾಬೂನು ಹಾಕಿ ಕೈ ತೊಳೆಯಿರಿ.

ಈಗ ಬ್ಯಾಟರಿಯ ಮಾತು. ಅದರೊಳಗಿನ ಜಾಲರಿಯ ಸೀಸಕ್ಕೆ ಆಂಟಿಮನಿಯೋ ಕ್ಯಾಲ್ಸಿಯಮ್ಮೋ ಬೆರೆಸಿರ್ತಾರೆ. ಅಂದರೆ ಬಲೆಗೆ ಅದು ಹೇಗೂ ತಪ್ಪು ಲೋಹ. ಜಾಲರಿಗೆ ಮೆತ್ತಿದ ಪೇಸ್ಟ್ ಸೀಸದ ಆಕ್ಸೈಡ್, ಸಲ್ಫೇಟ್. ನಮ್ಮ ಒಲೆಯಲ್ಲಿ ಅದು ಲೋಹವಾಗುವುದಿಲ್ಲ, ಧೂಳಾಗಿ ಹಾರ್ತದೆ, ಅಂಗಳದಲ್ಲಿ ಕೂರ್ತದೆ. ಜೊತೆಗೆ ಆಸಿಡ್ ಬೇರೆ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಲ್ಲಿ ಒಬ್ಬರ ಹಟ್ಟಿಯ ಹಿಂದೆ ಬ್ಯಾಟರಿ ಒಡೆದಿದ್ದರು. ಅಲ್ಲಿ ಕಟ್ಟಿದ ಕರು ಆ ತುಂಡುಗಳನ್ನು ನೆಕ್ಕಿತು. ಎರಡು ದಿನ ಬಿಟ್ಟು ಹಲ್ಲು ಕಡಿಯಲಿಕ್ಕೆ ಶುರು, ಕಣ್ಣು ಕಾಣದ ಹಾಗೆ ಗೋಡೆಗೆ ಹೋಗಿ ತಲೆ ಒತ್ತುವುದು, ಆಮೇಲೆ ಸೆಳೆತ. ನಾನು ಹೋಗುವಾಗ ಪಶುವೈದ್ಯರು ಬಂದಿದ್ದರು. "ಸುತ್ತಮುತ್ತ ಬ್ಯಾಟರಿ ಏನಾದರೂ ಉಂಟಾ?" ಅಂತಲೇ ಅವರು ಮೊದಲು ಕೇಳಿದ್ದು. ದನಗಳಿಗೆ ಸೀಸದ ವಿಷ ಹೆಚ್ಚಾಗಿ ತಗಲುವುದೇ ಹೀಗಂತೆ. ಕರು ಉಳಿಯಲಿಲ್ಲ. ಅದೇ ಅಂಗಳದಲ್ಲಿ ಆ ಮನೆಯ ಮೂರು ವರ್ಷದ ಮಗು ಬರಿಗಾಲಲ್ಲಿ ಆಡ್ತಾ ಇತ್ತು.

ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಅದು ಕೆಡಿಸುವುದು ಮಿದುಳನ್ನು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವರು. ದೇಶದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದದ್ದೂ ಇದೇ ಕಾರಣಕ್ಕೆ. ಪೆಟ್ರೋಲಿನಿಂದ ಹೋದದ್ದನ್ನು ನಾವು ಹಟ್ಟಿಯ ಹಿಂದೆ ತಂದು ಹಾಕುವುದು ಬೇಡ ಮಾರಾಯ್ರೆ. ಹೊಸ ಬ್ಯಾಟರಿ ತಕ್ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡ್ತಾರೆ. ಆ ದುಡ್ಡಿಗೆ ಬಲೆಯ ಅಂಗಡಿಯಲ್ಲಿ ಮೆತ್ತನೆಯ ಸೀಸ ಬರ್ತದೆ.

ಎರೆಯುವವರು ಇಷ್ಟು ನೋಡಿಕೊಳ್ಳಿ. ಮನೆ, ಹಟ್ಟಿ, ಬಾವಿಯಿಂದ ದೂರ ಗಾಳಿಯಾಡುವ ಜಾಗ ಬೇಕು, ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬರಲಿ. ಮಕ್ಕಳು, ಬಸುರಿ ಹೆಂಗಸರು ಹತ್ತಿರ ಬೇಡ. ಕಬ್ಬಿಣದ ಬಾಣಲೆ, ಸೌಟು ಅದಕ್ಕೇ ಬೇರೆ ಇರಲಿ, ಮತ್ತೆ ಅಡುಗೆಮನೆಗೆ ಹೋಗಬಾರದು. ಅಲ್ಯೂಮಿನಿಯಂ ಬೇಡ. ಅಚ್ಚಿಗೆ ನಾನು ಇಡುವುದು ಒಂದು ಕಬ್ಬಿಣದ ಆಂಗಲ್, ಎರಡೂ ತುದಿ ವೆಲ್ಡಿಂಗಿನವರಲ್ಲಿ ಮುಚ್ಚಿಸಿದ್ದು. ಅದರಲ್ಲಿ ತೆಳು ಪಟ್ಟಿ ಎರೆದು, ಆರಿದ ಮೇಲೆ ತಟ್ಟಿ ಕತ್ತರಿಸಿದರೆ ಆಯ್ತು.

ನೀರಿನ ವಿಷಯದಲ್ಲಿ ಮಾತ್ರ ಉಡಾಫೆ ಮಾಡಲೇಬಾರದು. ಕರಗಿದ ಸೀಸದ ಅಡಿಗೆ ಒಂದು ಹನಿ ನೀರು ಸಿಕ್ಕಿದರೂ ಆವಿಯಾಗಿ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗಿ, ಬಾಣಲೆಯ ಸೀಸವನ್ನು ಮುಖಕ್ಕೆ ಎರಚುತ್ತದೆ. ಆಂಗಲನ್ನು ಮೊದಲೇ ಬಿಸಿ ಮಾಡಿ ಒಣಗಿಸಿ. ಸೀಸ ಎಲ್ಲವನ್ನೂ ತಣ್ಣಗಿರುವಾಗಲೇ ಬಾಣಲೆಗೆ ಹಾಕಿ, ಹೊಳೆಯಿಂದ ಬಂದ ಹಳೆ ತುಂಡುಗಳನ್ನು ಕುದಿಯುವ ಸೀಸಕ್ಕೆ ಹಾಕಬೇಡಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇರಲಿ. ಕರಗಿ ಹೊಳೆದರೆ ಸಾಕು, ಬಾಣಲೆ ಕೆಂಪಗಾಗುವಷ್ಟು ಕಾಯಿಸಬೇಡಿ.

ಮೇಲೆ ತೇಲುವ ಬೂದಿಯಲ್ಲೂ ಸೀಸ ಉಂಟು. ಗೊಬ್ಬರಗುಂಡಿಗೋ ಅಡಿಕೆ ಬುಡಕ್ಕೋ ಹಾಕುವುದಲ್ಲ. ಮುಚ್ಚಳದ ಡಬ್ಬಿಯಲ್ಲಿ ತುಂಬಿಸಿ ಗುಜರಿಗೆ ಕೊಡಿ. ಉಟ್ಟ ಬಟ್ಟೆ ಬೇರೆಯಾಗಿ ಒಗೆಯಿರಿ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಅಂಚಿಗೆ ಸಣ್ಣ ಕಬ್ಬಿಣದ ಸರಪಳಿ ಹಾಕಬಹುದು. ತುಕ್ಕು ಹಿಡೀತದೆ, ಅದೇ ಗಾತ್ರದ ಸೀಸದಷ್ಟು ಭಾರ ಇಲ್ಲ, ಬಲೆ ಸ್ವಲ್ಪ ನಿಧಾನ ಮುಳುಗ್ತದೆ. ತೋಡಿನ ಮೀನಿಗೆ ಅಷ್ಟು ಸಾಕು.

ನನ್ನ ಹತ್ತಿರ ಆಂಗಲ್ ಉಂಟು, ಬೇಕಾದವರು ತಕ್ಕೊಂಡು ಹೋಗಿ. ಒಣಗಿಸಿಯೇ ಕೊಡ್ತೇನೆ, ಆದರೂ ಎರೆಯುವ ಮೊದಲು ನೀವು ಇನ್ನೊಮ್ಮೆ ಬಿಸಿ ಮಾಡಿ.