ಅಮ್ಮಿಯ ಒಲೆ ಮತ್ತು ಹಳೆಯ ಪೈಪು

ರಮಝಾನ್ ಆರಂಭವಾಗಲು ಹತ್ತು ದಿನಗಳಷ್ಟೇ ಉಳಿದಿದ್ದವು. ಅಡರಕಟ್ಟಿಯ ನಮ್ಮ ಮನೆಯ ಗ್ಯಾಸ್ ಒಲೆಯ ಒಂದು ಬದಿ ಉರಿಯುವುದನ್ನೇ ನಿಲ್ಲಿಸಿತ್ತು. ಇನ್ನೊಂದು ಬದಿ ಹಳದಿ ಜ್ವಾಲೆಯಿಂದ ಉರಿದು ಪಾತ್ರೆಗಳ ತಳವನ್ನೆಲ್ಲ ಮಸಿಯಾಗಿಸುತ್ತಿತ್ತು. ಗಾಜಿನ ಮೇಲ್ಮೈಯ ಹೊಸ ಒಲೆಯೊಂದನ್ನು ತರೋಣವೆಂದು ನಾನು ಹೇಳಿದೆ. ಅಮ್ಮಿ ಒಪ್ಪಲಿಲ್ಲ. “ಒಲೆ ಸತ್ತಿಲ್ಲ ಬೇಟಾ, ಅದರ ಬಾಯಿ ಕಟ್ಟಿದೆ ಅಷ್ಟೆ. ರಿಪೇರಿ ಮಾಡು” ಎಂದರು.

ಆ ಒಲೆಯನ್ನು ಅಬ್ಬಾ 1999ರಲ್ಲಿ ತಂದಿದ್ದರು. ಅದಕ್ಕೂ ಮೊದಲು ನಮ್ಮ ಎರೆನೆಲದ ಊರುಗಳ ಹೆಚ್ಚಿನ ಮನೆಗಳಂತೆ ನಮ್ಮಲ್ಲೂ ಹತ್ತಿಕಟ್ಟಿಗೆ ಮತ್ತು ಕುಳ್ಳುಗಳೇ ಉರುವಲು. ಸಹ್ರಿಗೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಎದ್ದು, ಹೊಗೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ ರೊಟ್ಟಿ ತಟ್ಟುತ್ತಿದ್ದ ಅಮ್ಮಿಗೆ ಆ ಒಲೆ ಕೇವಲ ಒಂದು ಸಾಮಾನಾಗಿರಲಿಲ್ಲ. ಉಜ್ವಲ ಯೋಜನೆ ಆರಂಭವಾದದ್ದು 2016ರಲ್ಲಿ. ಅದಕ್ಕೂ ಎಷ್ಟೋ ವರ್ಷಗಳ ಹಿಂದೆ, ಕೂಡಿಟ್ಟ ಹಣದಲ್ಲಿ ಅಬ್ಬಾ ಅವರಿಗೆ ನೀಡಿದ್ದ ನೆಮ್ಮದಿ ಅದು. ಇಂದು ಅಬ್ಬಾ ನಮ್ಮೊಂದಿಗಿಲ್ಲ.

ನಾನು ಒಲೆಯನ್ನು ಅಂಗಳಕ್ಕೆ ತಂದು ಬಿಚ್ಚಿದೆ. ಉಕ್ಕಿದ ಹಾಲು, ಎಣ್ಣೆಯ ಜಿಡ್ಡು, ಜಿರಳೆಯ ಮೊಟ್ಟೆ ಎಲ್ಲವೂ ಅದರೊಳಗೆ ಮನೆಮಾಡಿದ್ದವು. ಹಿತ್ತಾಳೆಯ ಬರ್ನರ್‌ಗಳನ್ನು ಹುಣಸೆಹುಳಿಯ ನೀರಿನಲ್ಲಿ ಕುದಿಸಿ ಉಜ್ಜಿದಾಗ ಚಿನ್ನದಂತೆ ಹೊಳೆದವು. ಗ್ಯಾಸು ಜೆಟ್ಟಿನ ಸಣ್ಣ ರಂಧ್ರದಿಂದ ಹೊರಟು, ಕೊಳವೆಯಲ್ಲಿ ಗಾಳಿಯೊಡನೆ ಬೆರೆತು ಬರ್ನರ್ ತಲುಪುತ್ತದೆ. ಆ ದಾರಿಯಲ್ಲಿ ಕಸ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ಜ್ವಾಲೆ ಹಳದಿಯಾಗುತ್ತದೆ, ಮಸಿ ಹಿಡಿಯುತ್ತದೆ. ನಮ್ಮ ಒಲೆಗೆ ಆಗಿದ್ದುದು ಅದೇ.

ಲಕ್ಷ್ಮೇಶ್ವರದ ಬಜಾರಿನಲ್ಲಿ ಒಲೆಯ ಬಿಡಿಭಾಗಗಳನ್ನು ಮಾರುವ ಹಿರಿಯರೊಬ್ಬರ ಅಂಗಡಿಯಿದೆ. ಅವರು ನಮ್ಮ ಬರ್ನರನ್ನು ಅಂಗೈಯಲ್ಲಿ ತೂಗಿ ನೋಡಿ, “ಇಂಥಾ ತೂಕದ ಹಿತ್ತಾಳಿ ಈಗ ಸಿಗೂದಿಲ್ರಿ, ಒಗೀಬ್ಯಾಡ್ರಿ” ಎಂದರು. ಎರಡು ಜೆಟ್, ಎರಡು ತಿರುಪು ಗುಂಡಿ, ಪಾತ್ರೆ ಇಡುವ ಒಂದು ಸ್ಟ್ಯಾಂಡು ಕೊಂಡೆ. ಜೆಟ್ಟಿನ ರಂಧ್ರವನ್ನು ಸೂಜಿಯಿಂದ ಚುಚ್ಚಿ ದೊಡ್ಡದು ಮಾಡಬಾರದೆಂದೂ ಅವರೇ ಎಚ್ಚರಿಸಿದರು. ಕೊನೆಗೆ, “ಪೈಪ್ ಬ್ಯಾಡೇನ್ರಿ?” ಎಂದು ಕೇಳಿದರು.

ನಮ್ಮ ಮನೆಯಲ್ಲಿದ್ದುದು ಹಳೆಯ ಹಸಿರು ರಬ್ಬರ್ ಪೈಪು. ಅದರ ತುದಿ ಬಿರುಕು ಬಿಟ್ಟಿದ್ದುದನ್ನು ನಾನು ಕಂಡಿದ್ದೆ. ಒಳಗೆ ತಂತಿಯ ಬಲವಿರುವ ಹೊಸ ಪೈಪಿಗೆ ಇನ್ನೂರು ರೂಪಾಯಿಯ ಆಸುಪಾಸು. ಬಿರುಕಿನ ಭಾಗವನ್ನಷ್ಟೇ ಕತ್ತರಿಸಿ ಹಾಕಿದರೆ ಸಾಕು, ಸುಮ್ಮನೆ ದುಂದುವೆಚ್ಚವೇಕೆ ಎಂದುಕೊಂಡು “ಬ್ಯಾಡ್ರಿ” ಎಂದುಬಿಟ್ಟೆ.

ಅಂದು ಸಂಜೆ ಎರಡೂ ಬರ್ನರ್‌ಗಳಲ್ಲಿ ನೀಲಿ ಜ್ವಾಲೆ ಅರಳಿತು. ಅಮ್ಮಿಯ ಮುಖವೂ ಅರಳಿತು. “ಪೈಪನ್ನೂ ಬದಲಾಯಿಸಿದೆಯಾ?” ಎಂದು ಅವರು ಕೇಳಿದಾಗ ನಾನು “ಹೂಂ” ಎಂದೆ. ಅಷ್ಟೊಂದು ಸಂತೋಷದ ನಡುವೆ ಅದೊಂದು ಸಣ್ಣ ಸುಳ್ಳು ಎಂದು ನನಗೆ ಅನಿಸಿತ್ತು.

ರಮಝಾನಿನ ಐದನೆಯ ರಾತ್ರಿ ತರಾವೀಹ್ ಮುಗಿಸಿ ಬಂದವನು ತಡವಾಗಿ ಚಹಾ ಕಾಸಿಕೊಂಡೆ. ರೆಗ್ಯುಲೇಟರ್ ಮುಚ್ಚದೆ ಮಲಗಿದೆ. ಪ್ರತಿರಾತ್ರಿ ಅದನ್ನು ಮುಚ್ಚಿಯೇ ಮಲಗುವುದು ಅಮ್ಮಿಯ ರೂಢಿ. ಆದರೆ ಅಂದು ಅವರು ಬೇಗ ನಿದ್ರೆಹೋಗಿದ್ದರು. ಸಹ್ರಿಯ ಹೊತ್ತಿಗೆ ಅವರೇ ಮೊದಲು ಎದ್ದು, ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬಿನ ಬೆಳಕಿನಲ್ಲಿ ಲೈಟರ್ ಕೈಗೆತ್ತಿಕೊಂಡರು. ವಯಸ್ಸಾದಂತೆ ಅವರಿಗೆ ವಾಸನೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಿಂದೆಯೇ ಬಂದ ನನ್ನ ಹನ್ನೆರಡು ವರ್ಷದ ಮಗಳು, “ದಾದಿ, ತಡೆಯಿರಿ! ಏನೋ ಕೊಳೆತ ವಾಸನೆ ಬರುತ್ತಿದೆ” ಎಂದು ಕೂಗಿ ಅವರ ಕೈ ಹಿಡಿದಳು.

ನಾನು ಓಡಿಬಂದೆ. ಫ್ಯಾನ್ ಹಾಕಲು ಹೊರಟಿದ್ದ ಮಗಳನ್ನು ತಡೆದು, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಎಲ್ಲರನ್ನೂ ಅಂಗಳಕ್ಕೆ ಕಳುಹಿಸಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟಾನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಅದಕ್ಕೆ ಬೆರೆಸುತ್ತಾರೆ. ಅದು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಒಂದು ಸ್ವಿಚ್ಚಿನ ಕಿಡಿಯೂ ಅದಕ್ಕೆ ಸಾಕು. ಅಂದು ಒಲೆ ಹಚ್ಚಲಿಲ್ಲ. ಹಿಂದಿನ ದಿನದ ರೊಟ್ಟಿ, ಮೊಸರು, ಶೇಂಗಾ ಚಟ್ನಿಯಲ್ಲೇ ನಮ್ಮ ಸಹ್ರಿ ಮುಗಿಯಿತು. ನನ್ನ ಕೈ ಮಾತ್ರ ನಡುಗುತ್ತಲೇ ಇತ್ತು.

ಫಜ್ರ್ ನಮಾಝಿನ ಬಳಿಕ, ಬೆಳಕಾದ ಮೇಲೆ, ಪೈಪಿನ ಮೇಲೆ ಸಾಬೂನಿನ ನೀರು ಸವರಿ ಕ್ಷಣಕಾಲ ರೆಗ್ಯುಲೇಟರ್ ತೆರೆದೆ. ನಾನು ಕತ್ತರಿಸಿ ಜೋಡಿಸಿದ್ದ ತುದಿಯಲ್ಲೇ ಗುಳ್ಳೆಗಳೆದ್ದವು. ಅಮ್ಮಿಯ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹೊಸ ಒಲೆ ಬೇಡ ಅಂದಿದ್ದೆ ಬೇಟಾ. ಹೊಸ ಪೈಪು ಬೇಡ ಅಂದಿದ್ದೆನೇ?” ಎಂದರು.

ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಇಶಾ(ರ) ತಿಳಿಸಿದ್ದಾರೆ. ರಿಪೇರಿ ಮಾಡುವಾಗ ನನ್ನ ಮನಸ್ಸಿನಲ್ಲಿ ಆ ಸುನ್ನತ್ತಿನ ನೆನಪಿತ್ತು, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ವೆಚ್ಚ ಮಾಡುವಾಗ ದುಂದುಗಾರರೂ ಆಗದೆ ಜಿಪುಣರೂ ಆಗದೆ ನಡುದಾರಿಯಲ್ಲಿರುವವರನ್ನು ಅಲ್ಲಾಹನು ಸೂರಃ ಅಲ್ ಫುರ್ಕಾನಿನಲ್ಲಿ ತನ್ನ ದಾಸರ ಗುಣವಾಗಿ ವರ್ಣಿಸಿದ್ದಾನೆ. ಆ ಮಾತಿನ ಮೊದಲರ್ಧವನ್ನು ಹಿಡಿದುಕೊಂಡು ಉಳಿದರ್ಧವನ್ನು ನಾನು ಬಿಟ್ಟುಬಿಟ್ಟಿದ್ದೆ. ಬರ್ನರನ್ನು ಉಳಿಸಿಕೊಂಡದ್ದು ಮಿತವ್ಯಯ. ಪೈಪನ್ನು ಉಳಿಸಿಕೊಂಡದ್ದು ಮಿತವ್ಯಯದ ಅಂಗಿ ತೊಟ್ಟ ಜಿಪುಣತನ. ಆ ಅಂಗಿ ಹರಿಯದಿರಲಿ ಎಂದೇ ನಾನು ಸುಳ್ಳಿನ ತೇಪೆ ಹಾಕಿದ್ದೆ. ಹಿತ್ತಾಳೆ ಹಳತಾದರೂ ಹಿತ್ತಾಳೆಯೇ. ರಬ್ಬರಿಗೆ ಆಯುಷ್ಯದ ಮಿತಿಯಿದೆ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಸುಟ್ಟುಹೋದ ಸುದ್ದಿ ತಿಳಿದಾಗ, ಮಲಗುವ ಮುನ್ನ ಬೆಂಕಿಯನ್ನು ಆರಿಸಬೇಕೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಅಮ್ಮಿ ಪ್ರತಿರಾತ್ರಿ ರೆಗ್ಯುಲೇಟರ್ ಮುಚ್ಚುವುದನ್ನು ನಾನು ವಯಸ್ಸಾದವರ ಭಯವೆಂದು ತಿಳಿದಿದ್ದೆ. ಅದು ಮನೆಯವರ ಮತ್ತು ನೆರೆಯವರ ಪ್ರಾಣವೆಂಬ ಅಮಾನತ್ತಿನ ಕಾವಲು ಎಂದು ಈಗ ಅರಿವಾಗಿದೆ.

ಅದೇ ದಿನ ಐಎಸ್‌ಐ ಗುರುತಿನ ಹೊಸ ಪೈಪು ತಂದು, ತಿಳಿದ ಮೆಕ್ಯಾನಿಕ್ ಒಬ್ಬರಿಂದ ಜೋಡಿಸಿ, ಒಲೆಯ ಕಾಕುಗಳನ್ನೂ ಪರೀಕ್ಷಿಸಿಸಿದೆ. ಪ್ರಿಯ ಓದುಗರೇ, ಇಂದೇ ನಿಮ್ಮ ಅಡುಗೆಮನೆಯ ಪೈಪಿನ ಮೇಲೆ ಮುದ್ರಿತವಾದ ವರ್ಷವನ್ನೊಮ್ಮೆ ನೋಡಿರಿ. ಐದು ವರ್ಷ ದಾಟಿದ್ದರೆ ಬದಲಾಯಿಸಿರಿ. ಸೋರಿಕೆಯನ್ನು ಸಾಬೂನಿನ ನೀರಿನಿಂದ ಪರೀಕ್ಷಿಸಿರಿ, ಬೆಂಕಿಕಡ್ಡಿಯಿಂದ ಎಂದಿಗೂ ಬೇಡ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಿರಿ.

ಅಬ್ಬಾ ತಂದ ಒಲೆ ಈಗಲೂ ಉರಿಯುತ್ತಿದೆ. ರಾತ್ರಿ ರೆಗ್ಯುಲೇಟರ್ ಮುಚ್ಚುವ ಕೆಲಸವನ್ನು ಅಮ್ಮಿಯಿಂದ ನಾನು ವಹಿಸಿಕೊಂಡಿದ್ದೇನೆ. ಆದರೂ ಮಲಗುವ ಮುನ್ನ ಅವರು “ಮುಚ್ಚಿದೆಯಾ?” ಎಂದು ಕೇಳುತ್ತಾರೆ. “ಹೂಂ” ಎನ್ನುವ ಮೊದಲು ನಾನು ಎದ್ದುಹೋಗಿ ಮತ್ತೊಮ್ಮೆ ನೋಡಿ ಬರುತ್ತೇನೆ. ಅಲ್ಲಾಹನು ನಮ್ಮ ಮನೆಗಳನ್ನೂ ನಮ್ಮ ಮಾತುಗಳನ್ನೂ ಕಾಪಾಡಲಿ. ಆಮೀನ್.