ನಾನು ಬರೆದ ತಪ್ಪು ಮತ್ತು ಬೆಳ್ಳಿ ಚುಕ್ಕೆ



ಎರಡು ತಿಂಗಳ ಹಿಂದಿನ ಸಂಚಿಕೆಯಲ್ಲಿ ‘ನಿಮಗಿದು ಗೊತ್ತೆ?’ ಎಂಬ ಅಂಕಣ ಬರೆದವಳು ನಾನೇ. ಹಸಿರು ಸ್ಕೆಚ್ ಪೆನ್ನಿನಲ್ಲಿ ಸುತ್ತಲೂ ಬಳ್ಳಿ ಬಿಟ್ಟು ಬರೆದಿದ್ದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಎಲ್ಲರೂ ಹೊಗಳಿದ್ದರು. ಅದರಲ್ಲಿ ಐದನೆಯದು ಹೀಗಿತ್ತು: ಸೌರವ್ಯೂಹದಲ್ಲಿ ಅತ್ಯಂತ ಬಿಸಿಯಾದ ಗ್ರಹ ಬುಧ.

ಅದು ತಪ್ಪು. ಅತ್ಯಂತ ಬಿಸಿಯಾದ ಗ್ರಹ ಶುಕ್ರ. ನಾನು ಯಾವ ಪುಸ್ತಕವನ್ನೂ ನೋಡಿರಲಿಲ್ಲ. ಬುಧ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇದೆ, ಒಲೆ ಮುಂದೆ ಕೂತವರಿಗೇ ತಾನೇ ಜಾಸ್ತಿ ಕಾವು, ಅಂದುಕೊಂಡು ಬರೆದುಬಿಟ್ಟೆ. ನಾಲ್ಕು ಸಂಗತಿ ಸಿಕ್ಕಿತ್ತು, ಜಾಗ ಇನ್ನೂ ಉಳಿದಿತ್ತು, ಅಷ್ಟೆ.

ಅದು ಒಂದು ತಿಂಗಳು ಗೋಡೆಯ ಮೇಲೆ ಇತ್ತು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಕ್ಲಸ್ಟರ್ ಮಟ್ಟದ ರಸಪ್ರಶ್ನೆ ಬಂತು. ನಮ್ಮ ಶಾಲೆಯಿಂದ ಆರನೇ ತರಗತಿಯ ಇಬ್ಬರು ಹೋಗಿದ್ದರು. ಕೊನೆಯ ಸುತ್ತಿನಲ್ಲಿ ಇದೇ ಪ್ರಶ್ನೆ ಕೇಳಿದರಂತೆ. ನಮ್ಮ ಹುಡುಗ ಪ್ರಶ್ನೆ ಮುಗಿಯುವ ಮುಂಚೆಯೇ ಎದ್ದು ನಿಂತು ‘ಬುಧ’ ಎಂದನಂತೆ. ಒಂದೇ ಅಂಕದಲ್ಲಿ ಸೋತರು. ಮಾರನೆಯ ದಿನ ಅವನು ನನ್ನನ್ನು ಬೈಯಲಿಲ್ಲ. ಗೋಡೆ ಪತ್ರಿಕೆ ಅಂಟಿಸುವ ಜಾಗಕ್ಕೆ ಕೈ ತೋರಿಸಿ, “ಅಕ್ಕಾ, ಅಲ್ಲಿ ನೀನೇ ಬರೆದಿದ್ದೆ ಅಲ್ವಾ?” ಅಂದ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತು ಮಧ್ಯಾಹ್ನದ ಬಿಸಿಯೂಟ ನನಗೆ ಸೇರಲಿಲ್ಲ. ಸಂಜೆ ವಿಜ್ಞಾನದ ಮೇಷ್ಟ್ರ ಹತ್ತಿರ ಹೋಗಿ, ಸಾರ್, ಅದು ನನ್ನ ತಪ್ಪು, ಎಂದೆ. ಅವರು, “ತಪ್ಪು ಅಂತ ಬರೆದರೆ ಸಾಲದು, ಯಾಕೆ ತಪ್ಪು ಅಂತ ತಿಳಿದುಕೊಂಡು ಬರಿ, ಗೋಡೆ ಅಲ್ಲೇ ಇರುತ್ತೆ” ಎಂದರು. ಲೈಬ್ರರಿ ಬೀರುವಿನಿಂದ ಎರಡು ಪುಸ್ತಕ ಕೊಟ್ಟರು. ಒಂದರಲ್ಲಿ ಗೆದ್ದಲು ಅರ್ಧ ತಿಂದಿತ್ತು. ಉಳಿದದ್ದನ್ನು ಅವರೇ ಹೇಳಿಕೊಟ್ಟರು, ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಹಾಗೆ ಒಂದು ತಿಂಗಳು ಓದಿ ಇದನ್ನು ಬರೆದಿದ್ದೇನೆ.

ಮೊದಲು ಬುಧನ ವಿಷಯ ಹೇಳುತ್ತೇನೆ. ಬುಧ ಸೂರ್ಯನಿಂದ ಸುಮಾರು 5 ಕೋಟಿ 80 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಶುಕ್ರ 10 ಕೋಟಿ 80 ಲಕ್ಷ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು ದೂರ. ಬುಧನಲ್ಲಿ ಹಗಲು 430 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಏರುತ್ತದೆ. ಆದರೆ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ಯಾಕೆಂದರೆ ಬುಧನಿಗೆ ಹೇಳಿಕೊಳ್ಳುವಂಥ ವಾಯುಮಂಡಲವೇ ಇಲ್ಲ. ಸಿಕ್ಕಿದ್ದನ್ನೆಲ್ಲ ಸಂಜೆಯೇ ಖರ್ಚು ಮಾಡುವವರ ಥರ.

ಶುಕ್ರನಲ್ಲಿ ಹಗಲೂ ರಾತ್ರಿಯೂ ಒಂದೇ. ನೆಲದ ಬಿಸಿ ಸುಮಾರು 465 ಡಿಗ್ರಿ. ನಮ್ಮ ಮನೆಯಲ್ಲಿ ಮುದ್ದೆಗೆ ಎಸರು ಕುದಿಯುವುದು 100 ಡಿಗ್ರಿಗೆ. ಪಾತ್ರೆಗೆ ಕಲಾಯಿ ಹಾಕುವ ತವರ ಕರಗುವುದು 232 ಡಿಗ್ರಿಗೆ, ಸೀಸ 327ಕ್ಕೆ. ಶುಕ್ರನ ಮೇಲೆ ಸೀಸದ ಗುಂಡು ಇಟ್ಟರೆ ಅದು ನೀರಾಗಿ ಹರಿದು ಹೋಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಶುಕ್ರನ ಸುತ್ತ ದಟ್ಟ ಮೋಡ ಇದೆ. ಸೂರ್ಯನ ಬೆಳಕಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಅದು ಕನ್ನಡಿಯ ಹಾಗೆ ಹಿಂದಕ್ಕೆ ಎಸೆದುಬಿಡುತ್ತದೆ. ಅದಕ್ಕೇ ಅದು ನಮಗೆ ಅಷ್ಟೊಂದು ಹೊಳೆಯುತ್ತದೆ. ಅಲ್ಲಿನ ನೆಲಕ್ಕೆ ಬೀಳುವ ಬಿಸಿಲು ನಮ್ಮ ಭೂಮಿಗೆ ಬೀಳುವುದಕ್ಕಿಂತ ಕಡಿಮೆ. ಆದರೂ ಅಷ್ಟು ಬಿಸಿ! ಇದು ನನಗೆ ತಲೆಗೆ ಹೋಗಲೇ ಇಲ್ಲ. ಪುಸ್ತಕದಲ್ಲಿ ‘ಹಸಿರುಮನೆ ಪರಿಣಾಮ’ ಅಂತ ಬರೆದಿತ್ತು. ಹಸಿರುಮನೆ ಅಂದರೆ ಏನು ಸಾರ್ ಎಂದು ಕೇಳಿದೆ. ಅವರು ನಕ್ಕು, “ನಿಮ್ಮಮ್ಮ ಕೆಲಸಕ್ಕೆ ಹೋಗೋದು ಎಲ್ಲಿಗೆ?” ಎಂದರು.

ನಮ್ಮಮ್ಮ ಊರಾಚೆ ಒಂದು ಪಾಲಿಹೌಸಿಗೆ ಕೂಲಿಗೆ ಹೋಗುತ್ತಾಳೆ. ಅಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ. ನಿಮ್ಮಲ್ಲಿ ಕೆಲವರ ಅಮ್ಮಂದಿರೂ ಅಲ್ಲಿಗೆ ಹೋಗುತ್ತಾರೆ, ನಿಮಗೂ ಗೊತ್ತು. ಭಾನುವಾರ ನಾನು ಬುತ್ತಿ ತೆಗೆದುಕೊಂಡು ಹೋದಾಗ ಒಳಗೆ ಕಾಲಿಟ್ಟ ತಕ್ಷಣ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಹೋದ ಏಪ್ರಿಲ್‌ನಲ್ಲಿ ಅಮ್ಮ ಅಲ್ಲಿ ದಾರ ಕಟ್ಟುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಜೊತೆಯವರು ಎತ್ತಿಕೊಂಡು ಬಂದು ಹುಣಸೆ ಮರದ ಕೆಳಗೆ ಮಲಗಿಸಿ ನೀರು ಚಿಮುಕಿಸಿದರು. ಅವಳು ಎದ್ದ ಕೂಡಲೇ ಕೇಳಿದ್ದು, “ಅರ್ಧ ದಿನದ ಕೂಲಿ ಹಿಡಿದುಕೊಳ್ತಾರಾ?” ಎಂದು. ಹಿಡಿದುಕೊಂಡರು.

ಮೇಷ್ಟ್ರು ಕೇಳಿದ ಮೇಲೆ ಮುಂದಿನ ಭಾನುವಾರ ನಾನು ಬೇಕು ಅಂತಲೇ ಅಲ್ಲಿ ನಿಂತು ನೋಡಿದೆ. ಬಾಗಿಲ ಹತ್ತಿರ ಉಷ್ಣಮಾಪಕ ನೇತುಹಾಕಿದ್ದಾರೆ. ಒಳಗೆ 39 ಡಿಗ್ರಿ ತೋರಿಸುತ್ತಿತ್ತು. ಅಮ್ಮನ ಕೈಯಲ್ಲಿ ಬಿಚ್ಚಿಸಿಕೊಂಡು ಹೊರಗೆ ಮರದ ನೆರಳಿನಲ್ಲಿ ಹಿಡಿದು ಕೂತೆ. 31ಕ್ಕೆ ಬಂತು. ಒಂದು ಪ್ಲಾಸ್ಟಿಕ್ ಹಾಳೆಗೆ ಎಂಟು ಡಿಗ್ರಿ! ಸೋಮವಾರ ಓಡಿಹೋಗಿ, ಸಾರ್, ಶುಕ್ರ ಗ್ರಹ ಅಂದರೆ ದೊಡ್ಡ ಪಾಲಿಹೌಸು, ಗೊತ್ತಾಯಿತು, ಎಂದೆ.

ಅವರು, “ಸ್ವಲ್ಪ ಹೌದು, ಪೂರ್ತಿ ಅಲ್ಲ” ಎಂದರು. ಮತ್ತೆ ತಪ್ಪು ಬರೆಯುತ್ತಿದ್ದೆ ನೋಡಿ!

ಅದು ಹೀಗೆ. ಪಾಲಿಹೌಸಿನಲ್ಲಿ ಕಾದ ಗಾಳಿ ಹೊರಗೆ ಹೋಗಲು ದಾರಿ ಇಲ್ಲ, ಹೊರಗಿನ ತಂಪು ಗಾಳಿ ಒಳಗೆ ಬರುವುದಿಲ್ಲ. ಬಿಸಿ ಆಗಲು ಅದೇ ದೊಡ್ಡ ಕಾರಣ. ಪಕ್ಕದ ಶೀಟನ್ನು ಮೇಲಕ್ಕೆ ಸುತ್ತಿದರೆ ಕಾವು ಇಳಿಯುತ್ತದೆ. ಶುಕ್ರನಲ್ಲಿ ಶೀಟು ಇಲ್ಲ. ಅಲ್ಲಿ ಬಿಸಿಯನ್ನು ಹಿಡಿಯುವುದು ಗಾಳಿಯೇ. ಒಲೆಯ ಪಕ್ಕದಲ್ಲಿ ಕೈ ಹಿಡಿದರೆ ಬೆಂಕಿ ಮುಟ್ಟದೆಯೇ ಕಾವು ತಾಗುತ್ತದಲ್ಲ, ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಕಾದ ನೆಲದಿಂದಲೂ ಅಂಥ ಕಿರಣ ಹೊರಡುತ್ತದೆ. ಶುಕ್ರನ ವಾಯುಮಂಡಲದಲ್ಲಿ ನೂರಕ್ಕೆ 96 ಭಾಗ ಕಾರ್ಬನ್ ಡೈಆಕ್ಸೈಡ್. ಅದು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಈ ಕಾವಿನ ಕಿರಣ ಮೇಲೆ ಹೊರಟಾಗ ಹೀರಿಕೊಂಡು ಸ್ವಲ್ಪವನ್ನು ಮತ್ತೆ ಕೆಳಕ್ಕೇ ಕಳಿಸುತ್ತದೆ. ನಮ್ಮ ಗಾಳಿಯಲ್ಲಿ ಈ ಅನಿಲ ನೂರಕ್ಕೆ 0.04 ಭಾಗ ಮಾತ್ರ.

ಇದಕ್ಕೆ ಸರಿಯಾದ ಉದಾಹರಣೆ ಕೊಟ್ಟವರು ನಮ್ಮ ತಾತ. ನಾನು ಗಟ್ಟಿಯಾಗಿ ಓದುತ್ತಿದ್ದದ್ದನ್ನು ಕೇಳಿಸಿಕೊಂಡು, “ಅದಕ್ಯಾಕಮ್ಮ ಅಷ್ಟು ಯೋಚನೆ? ಚಳಿಗಾಲದಾಗೆ ಮೋಡ ಮುಚ್ಕಂಡ ರಾತ್ರಿ ಬೆಚ್ಚಗಿರ್ತದೆ, ಆಕಾಶ ತೊಳೆದಂಗಿದ್ರೆ ಬೆಳಗಾನ ನಡುಕ. ಮೋಡ ಅಂದ್ರೆ ಕಂಬ್ಳಿ ಕಣಮ್ಮ” ಎಂದರು. ಮೇಷ್ಟ್ರಿಗೆ ಹೇಳಿದೆ. ಅವರು, “ಪಾಲಿಹೌಸಿಗಿಂತ ನಿಮ್ಮ ತಾತನ ಉದಾಹರಣೆಯೇ ಸರಿ” ಎಂದರು. ತಾತ ಎರಡನೇ ತರಗತಿಯ ತನಕ ಓದಿದ್ದಾರೆ. ಇದನ್ನು ಕೇಳಿ ಆವತ್ತೆಲ್ಲ ಮೀಸೆ ತಿರುವುತ್ತಿದ್ದರು.

ಕಂಬಳಿಯೇ ಕೆಟ್ಟದ್ದು ಎಂದುಕೊಳ್ಳಬೇಡಿ. ಭೂಮಿಗೂ ತೆಳ್ಳಗೆ ಒಂದು ಇದೆ. ಅದು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತಂತೆ. ಭೂಮಿಯಲ್ಲೂ ಶುಕ್ರನಲ್ಲಿ ಇರುವಷ್ಟೇ ಇಂಗಾಲ ಹೆಚ್ಚು ಕಡಿಮೆ ಇದೆ, ಆದರೆ ಅದರಲ್ಲಿ ಬಹುಪಾಲು ಸುಣ್ಣದ ಕಲ್ಲಿನೊಳಗೆ ಕೂತಿದೆ. ಇದನ್ನು ಓದಿದ ಮೇಲೆ ನನಗೆ ಸುಣ್ಣದ ಕಲ್ಲಿನ ಮೇಲೆ ಗೌರವ ಬಂದಿದೆ.

ಇನ್ನು ಶುಕ್ರನ ಒತ್ತಡ. ಅದು ನಮ್ಮ ಗಾಳಿಯ ಒತ್ತಡಕ್ಕಿಂತ ಸುಮಾರು 90 ಪಟ್ಟು ಹೆಚ್ಚು. ನಮ್ಮೂರಿನ ಹೊಸ ಬೋರ್‌ವೆಲ್ 1200 ಅಡಿ. ಅಂಥ ಎರಡೂವರೆ ಬೋರ್‌ವೆಲ್‌ಗಳನ್ನು ಒಂದರ ಮೇಲೊಂದು ಇಟ್ಟು ಪೂರ್ತಿ ನೀರು ತುಂಬಿಸಿದರೆ (ಎಲ್ಲಿಂದ ತುಂಬಿಸುವುದು, ಅದು ಬೇರೆ ಮಾತು) ತಳದಲ್ಲಿ ಎಷ್ಟು ಅಮುಕುತ್ತದೋ ಅಷ್ಟು. ಅಲ್ಲಿನ ಮೋಡ ನೀರಿನದಲ್ಲ, ಗಂಧಕಾಮ್ಲದ್ದು. ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ಆಸಿಡ್ಡು. ಆ ಆಸಿಡ್ ಮಳೆ ಸುರಿಯುತ್ತದೆ, ಆದರೆ ಕೆಳಗಿನ ಬಿಸಿಗೆ ದಾರಿಯಲ್ಲೇ ಆವಿಯಾಗಿ ನೆಲಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿದೆ. “ಹಂಗಾದ್ರೆ ಅದೂ ನಮ್ಮೂರ ಮಳೆ ಥರಾನೇ” ಎಂದಳು.

ಇದೆಲ್ಲ ಹೇಗೆ ಗೊತ್ತಾಯಿತು, ಅಲ್ಲಿಗೆ ಯಾರು ಹೋಗಿದ್ದರು ಎಂದು ನೀವು ಕೇಳಬಹುದು. ಮೊದಲು ದೊಡ್ಡವರೂ ತಪ್ಪು ತಿಳಿದಿದ್ದರು. ಮೋಡ ಇದೆ ಅಂದಮೇಲೆ ಮಳೆ ಇದೆ, ಮಳೆ ಇದ್ದರೆ ಜೌಗು, ಕಾಡು, ಪ್ರಾಣಿ ಎಲ್ಲ ಇರಬಹುದು ಎಂದು ಕೆಲವರು ಊಹಿಸಿದ್ದರು. 1956ರಲ್ಲಿ ಅಮೆರಿಕದ ವಿಜ್ಞಾನಿಗಳು ಶುಕ್ರನಿಂದ ಬರುವ ರೇಡಿಯೋ ಅಲೆಗಳನ್ನು ಅಳೆದಾಗ ಬಿಸಿ 300 ಡಿಗ್ರಿಗೂ ಮೇಲೆ ಎಂದು ಬಂತು. ಎಲ್ಲರೂ ನಂಬಲಿಲ್ಲ. 1962ರ ಡಿಸೆಂಬರ್ 14ರಂದು ಮ್ಯಾರಿನರ್ 2 ನೌಕೆ ಶುಕ್ರನ ಹತ್ತಿರ ಹಾದುಹೋಗಿ, ಕಾವು ನೆಲದ ಕಡೆಯಿಂದಲೇ ಬರುತ್ತಿದೆ ಎಂದು ತೋರಿಸಿತು.

ಇಳಿಯುವ ಕೆಲಸ ಮಾಡಿದ್ದು ಸೋವಿಯತ್ ರಷ್ಯಾದವರು. ನೌಕೆಗಳ ಹೆಸರು ವೆನೆರಾ. ನನಗೆ ಬಹಳ ಇಷ್ಟವಾದದ್ದು ವೆನೆರಾ 7. 1970ರ ಡಿಸೆಂಬರ್ 15ರಂದು ಅದು ಇಳಿಯುವಾಗ ಪ್ಯಾರಾಚೂಟ್ ಕೈಕೊಟ್ಟು ಜೋರಾಗಿ ನೆಲಕ್ಕೆ ಬಡಿಯಿತು. ಸದ್ದಿಲ್ಲ. ಸತ್ತೇಹೋಯಿತು ಎಂದುಕೊಂಡರು. ಆಮೇಲೆ ಯಾರೋ ಟೇಪುಗಳನ್ನು ಮತ್ತೆ ಕೂತು ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಬಿದ್ದ ಮೇಲೂ ಅದು 23 ನಿಮಿಷ ತೀರಾ ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇತ್ತು! ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಸುದ್ದಿ ಅದೇ. ಅಲ್ಲಿ ಸುಮಾರು 475 ಡಿಗ್ರಿ ಬಿಸಿ ಎಂದು ಅದು ತಿಳಿಸಿತ್ತು. ಇದನ್ನು ಓದಿದಾಗ, ಯಾಕೋ ಗೊತ್ತಿಲ್ಲ, ಹುಣಸೆ ಮರದ ಕೆಳಗೆ ಮಲಗಿದ್ದ ಅಮ್ಮನ ನೆನಪು ಬಂತು.

1982ರ ಮಾರ್ಚ್ 1ರಂದು ಇಳಿದ ವೆನೆರಾ 13 ಅರ್ಧ ಗಂಟೆ ಬಾಳಿದರೆ ಸಾಕು ಎಂದಿದ್ದರು, 127 ನಿಮಿಷ ಬಾಳಿತು. ಬಣ್ಣದ ಫೋಟೋ ಕಳಿಸಿತು. ಮೇಷ್ಟ್ರ ಮೊಬೈಲಿನಲ್ಲಿ ನಾನು ಅದನ್ನು ನೋಡಿದೆ. ಕಿತ್ತಳೆ ಬಣ್ಣದ ಚಪ್ಪಡಿ ಕಲ್ಲುಗಳು. ಬೆಳಕಿನ ನೀಲಿ ಭಾಗವನ್ನು ದಪ್ಪ ಗಾಳಿ ತಡೆಯುವುದರಿಂದ ಹಾಗೆ ಕಾಣುತ್ತದಂತೆ. ನಾಲ್ಕು ದಿನದ ಮೇಲೆ ಇಳಿದ ವೆನೆರಾ 14ರ ಕಥೆ ಕೇಳಿದರೆ ನಗು ಬರುತ್ತದೆ. ಮಣ್ಣು ಎಷ್ಟು ಗಟ್ಟಿ ಎಂದು ಒತ್ತಿ ನೋಡಲು ಅದಕ್ಕೆ ಒಂದು ಕೈ ಇತ್ತು. ಕ್ಯಾಮೆರಾದಿಂದ ಕಳಚಿದ ಮುಚ್ಚಳ ಸರಿಯಾಗಿ ಆ ಕೈಯ ಕೆಳಗೇ ಬಿದ್ದಿತ್ತು. ಅಷ್ಟು ಕೋಟಿ ಕಿಲೋಮೀಟರ್ ಹೋಗಿ ಅದು ತನ್ನ ಮುಚ್ಚಳವನ್ನೇ ಅಳೆದುಕೊಂಡು ಬಂತು ಎಂದು ಹೇಳುತ್ತಾರೆ. ಇದನ್ನು ಆ ಆರನೇ ತರಗತಿಯ ಹುಡುಗನಿಗೆ ಹೇಳಿದೆ. ತುಂಬ ನಕ್ಕ. ನಾವು ಈಗ ಮಾತಾಡುತ್ತೇವೆ.

ನಮ್ಮ ದೇಶವೂ ಶುಕ್ರನಿಗೆ ನೌಕೆ ಕಳಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚ್‌ನಲ್ಲಿ ಹಾರಿಸುವ ಯೋಜನೆ. ಅದು ಇಳಿಯುವುದಿಲ್ಲ, ಸುತ್ತಲೂ ತಿರುಗುತ್ತ ಮೋಡ ಗಾಳಿ ಎಲ್ಲ ನೋಡುತ್ತದೆ. ಮಂಗಳಯಾನದ ಸಂಕೇತ ಹಿಡಿದ 32 ಮೀಟರ್ ಅಗಲದ ದೊಡ್ಡ ಆಂಟೆನಾ ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಹಳ್ಳಿಯಲ್ಲಿದೆ. ಹಳ್ಳಿಯಲ್ಲಿ! ಶೈಕ್ಷಣಿಕ ಪ್ರವಾಸಕ್ಕೆ ಪ್ರತಿ ವರ್ಷ ಅದೇ ಜಾಗಗಳಿಗೆ ಹೋಗುವ ಬದಲು ಅದನ್ನು ದೂರದಿಂದಲಾದರೂ ತೋರಿಸಬೇಕೆಂದು ಗುರುಗಳಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಶುಕ್ರ ಎಂದು ಯಾರೂ ಕರೆಯುವುದಿಲ್ಲ, ಬೆಳ್ಳಿ ಅನ್ನುತ್ತಾರೆ. ಗಡಿಯಾರ ಇಲ್ಲದ ಕಾಲದಲ್ಲಿ ತಾತ ಬೆಳ್ಳಿ ಮೂಡಿದ ಹೊತ್ತಿಗೆ ಎದ್ದು ಎತ್ತು ಕಟ್ಟುತ್ತಿದ್ದರಂತೆ. ಯಾರಿಗಾದರೂ ಒಳ್ಳೆಯ ಕಾಲ ಬಂದರೆ ಶುಕ್ರದೆಸೆ ಎನ್ನುತ್ತಾರೆ. 465 ಡಿಗ್ರಿಯ ವಿಷಯ ಹೇಳಿದ ಮೇಲೂ ತಾತ ಆ ಮಾತು ಬಿಟ್ಟಿಲ್ಲ.

ಅಮ್ಮನಿಗೆ ನಾನು ಉಷ್ಣಮಾಪಕದ ಲೆಕ್ಕ ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ಒಳಗೆ 39, ಹೊರಗೆ 31. ಅವಳು ಮತ್ತು ಜೊತೆಯ ಹೆಂಗಸರು ಸೂಪರ್‌ವೈಸರ್ ಹತ್ತಿರ ಹೋಗಿ, ಹನ್ನೊಂದು ಗಂಟೆಗೆಲ್ಲ ಪಕ್ಕದ ಶೀಟು ಎತ್ತಿಸಿ, ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೇ ಬಂದು ಬಿಸಿಲು ಏರುವ ಮುಂಚೆ ಮುಗಿಸುತ್ತೇವೆ ಎಂದು ಕೇಳಿದರು. ಶೀಟಿನ ವಿಷಯಕ್ಕೆ ಅವರು, ಆಮೇಲೆ ನೋಡೋಣ, ಎಂದರು. ಬೇಗ ಬರುವುದಕ್ಕೆ ಒಪ್ಪಿದರು.

ಹಾಗಾಗಿ ಈಗ ಅಮ್ಮ ಕತ್ತಲೆಯಲ್ಲೇ ಹೊರಡುತ್ತಾಳೆ. ಹೋದ ವಾರ ನಾನೂ ಎದ್ದು ಬಾಗಿಲ ತನಕ ಬಂದೆ. ಮೂಡಲ ಕಡೆ ತೆಂಗಿನ ಮರದ ಮೇಲೆ ಬೆಳ್ಳಿ ಹೊಳೆಯುತ್ತಿತ್ತು. ಅಮ್ಮ ಸೆರಗು ಸುತ್ತಿಕೊಂಡು ಅದನ್ನೇ ನೋಡುತ್ತ ನಿಂತಳು.

“ಅಲ್ಲಿ ಪಕ್ಕದ ಶೀಟು ಎತ್ತೋರು ಯಾರೂ ಇಲ್ವೇನೇ?” ಎಂದು ಕೇಳಿದಳು.

ಇಲ್ಲಮ್ಮ, ಎಂದೆ. ಅವಳು ಬುತ್ತಿ ತೆಗೆದುಕೊಂಡು ಹೊರಟಳು.

– ಏಳನೇ ತರಗತಿ